ಸೃಷ್ಟಿಯ ಕಾಳಜಿ, ಹವಾಮಾನ ನ್ಯಾಯ ಮತ್ತು ಕ್ರೈಸ್ತ ನಂಬಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಭೆಯಲ್ಲಿ ಪರಿಸರದ ಮಾತು ತೆಗೆದರೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೆಲವನ್ನು ಸಂಡೇ ಸ್ಕೂಲ್ ಮಕ್ಕಳು ಕೇಳಿದ್ದಾರೆ. ಕೆಲವನ್ನು ಹಿರಿಯರು ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ ನಿಲ್ಲಿಸಿಕೊಂಡು ಕೇಳಿದ್ದಾರೆ. ಒಂದೆರಡು ಸಿಟ್ಟಿನಲ್ಲೇ ಬಂದವು. ತಿಳಿದ ಮಟ್ಟಿಗೆ, ನಂಬಿದ ಮಟ್ಟಿಗೆ ಉತ್ತರ ಬರೆದಿದ್ದೇನೆ. ಕಥೋಲಿಕರು, ಪ್ರೊಟೆಸ್ಟೆಂಟರು, ಆರ್ಥೊಡಾಕ್ಸ್ ಸಭೆಯವರು, ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು.

ಸಭೆಯ ಕೆಲಸ ಆತ್ಮಗಳ ರಕ್ಷಣೆ. ಮರ, ಮಳೆ, ಬಿಸಿಲಿನ ಮಾತು ನಮಗೇಕೆ?

ಇದು ಮೊದಲು ಬರುವ ಪ್ರಶ್ನೆ. ನಾನು ಸಾಮಾನ್ಯವಾಗಿ ವಿಶ್ವಾಸ ಪ್ರಮಾಣದಿಂದ ಶುರು ಮಾಡುತ್ತೇನೆ. ಪ್ರತಿ ಭಾನುವಾರ ಎದ್ದು ನಿಂತು ಹೇಳುತ್ತೇವೆ. ಅದರ ಮೊದಲ ಸಾಲಿನಲ್ಲೇ ದೇವರು ಭೂಮಿ ಆಕಾಶಗಳನ್ನು ಉಂಟುಮಾಡಿದವನು. ಕೊನೆಗೆ ಬರುವುದು ಶರೀರದ ಪುನರುತ್ಥಾನ. ಆತ್ಮ ಮಾತ್ರ ಉಳಿದರೆ ಸಾಕು, ಮೈ ಮಣ್ಣು ಏನಾದರೂ ಆಗಲಿ ಎನ್ನುವ ಮಾತು ಅದರಲ್ಲಿ ಎಲ್ಲೂ ಇಲ್ಲ.

ಸತ್ಯವೇದ, ಅಂದರೆ ಬೈಬಲ್, ಶುರುವಾಗುವುದು ತೋಟದಲ್ಲಿ. ಮುಗಿಯುವುದು ಒಂದು ಪಟ್ಟಣದಲ್ಲಿ. ಆ ಪಟ್ಟಣದ ನಡುವೆ ನದಿ ಹರಿಯುತ್ತದೆ, ನದಿಯ ಎರಡೂ ದಡದಲ್ಲಿ ಜೀವದ ಮರ ಇರುತ್ತದೆ, ಅದರ ಎಲೆಗಳು ಜನಾಂಗಗಳಿಗೆ ಔಷಧಿ. ಆದಿಕಾಂಡ 9ನೇ ಅಧ್ಯಾಯ ಓದಿ ನೋಡಿ. ಜಲಪ್ರಳಯದ ನಂತರ ದೇವರು ಒಡಂಬಡಿಕೆ ಮಾಡಿಕೊಂಡದ್ದು ನೋಹನ ಜೊತೆ ಮಾತ್ರವಲ್ಲ, ನಾವೆಯಿಂದ ಇಳಿದ ಎಲ್ಲ ಜೀವಿಗಳ ಜೊತೆ. ಆ ಮಾತು ಅದೇ ಅಧ್ಯಾಯದಲ್ಲಿ ಮತ್ತೆ ಮತ್ತೆ ಬರುತ್ತದೆ. ಕಾಗೆಗೂ ಕತ್ತೆಗೂ ದೇವರ ಜೊತೆ ಒಡಂಬಡಿಕೆ ಇದೆ ಎಂದು ನಾವು ಪ್ರಸಂಗದಲ್ಲಿ ಎಷ್ಟು ಸಲ ಕೇಳಿದ್ದೇವೆ?

ಕೊಲೊಸ್ಸೆಯವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿ ಶಿಲುಬೆಯ ರಕ್ತದಿಂದ ಸಮಾಧಾನ ಆದದ್ದು ಸಮಸ್ತಕ್ಕೂ ಎಂದಿದೆ. ಭೂಮಿಯಲ್ಲಿ ಇರುವುದು, ಪರಲೋಕದಲ್ಲಿ ಇರುವುದು, ಎರಡೂ ಸೇರಿ. ರಕ್ಷಣೆ ಅಷ್ಟು ದೊಡ್ಡದು.

ಆದರೆ ದೇವರೇ 'ಭೂಮಿಯನ್ನು ವಶಮಾಡಿಕೊಳ್ಳಿರಿ, ದೊರೆತನ ಮಾಡಿರಿ' ಎಂದಿದ್ದಾನಲ್ಲ?

ಎಂದಿದ್ದಾನೆ. ಆದಿಕಾಂಡ 1:28. ಅದನ್ನು ಮುಚ್ಚಿಡುವುದು ಬೇಡ. 'ವಶಮಾಡಿಕೊಳ್ಳಿ' ಎನ್ನುವ ಜಾಗದಲ್ಲಿರುವ ಇಬ್ರಿಯ ಶಬ್ದ ಕಾಬಶ್. ಅದು ಗಡಸು ಶಬ್ದ, ತುಳಿದು ಅಧೀನ ಮಾಡಿಕೊಳ್ಳುವ ಅರ್ಥವೂ ಅದಕ್ಕಿದೆ. ಮುಳ್ಳು ಕಂಟಿ, ಕಲ್ಲು, ಕಾಡುಮೃಗಗಳ ನಡುವೆ ನೇಗಿಲು ಹಿಡಿದ ಜನರ ಕಿವಿಗೆ ಅದು ಹೇಗೆ ಕೇಳಿಸಿತ್ತು ಎಂದು ಯೋಚಿಸಬೇಕು. ಜೆಸಿಬಿ ಇರುವ ನಮಗೆ ಅದೇ ಮಾತು ಬೇರೆ ಥರ ಕೇಳಿಸುತ್ತದೆ.

'ದೊರೆತನ' ಎನ್ನುವುದಕ್ಕೆ ರಾದಾ ಎಂಬ ಶಬ್ದ ಇದೆ. ಅದೇ ಶಬ್ದ 72ನೇ ಕೀರ್ತನೆಯಲ್ಲಿ ಒಳ್ಳೆಯ ಅರಸನ ಬಗ್ಗೆ ಬರುತ್ತದೆ. ಆ ಅರಸ ಹೇಗಿರುತ್ತಾನೆ? ಬಡವರ ನ್ಯಾಯ ನೋಡುತ್ತಾನೆ. ಹುಲ್ಲು ಕೊಯ್ದ ಬಯಲಿನ ಮೇಲೆ ಬೀಳುವ ಮಳೆಯ ಹಾಗೆ ಇರುತ್ತಾನೆ. ದೊರೆತನಕ್ಕೆ ಸತ್ಯವೇದ ಕೊಡುವ ಅಳತೆ ಅದು.

ಇನ್ನು ಆದಿಕಾಂಡ 2:15. ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಅದನ್ನು ವ್ಯವಸಾಯ ಮಾಡುವುದಕ್ಕೆ ಮತ್ತು ಕಾಯುವುದಕ್ಕೆ. ಇಲ್ಲಿರುವ ಶಬ್ದಗಳು ಅವಾದ್, ಶಮಾರ್. ಅವಾದ್ ಅಂದರೆ ದುಡಿಮೆಯೂ ಹೌದು, ಸೇವೆಯೂ ಹೌದು. ಅರಣ್ಯಕಾಂಡ 3ರಲ್ಲಿ ಲೇವಿಯರು ದೇವದರ್ಶನದ ಗುಡಾರದಲ್ಲಿ ಮಾಡಬೇಕಾದ ಕೆಲಸಕ್ಕೂ ಇದೇ ಜೋಡಿ ಶಬ್ದಗಳಿವೆ. ಇದು ಗೊತ್ತಾದ ದಿನ ನನಗೆ ತುಂಬ ಸಂತೋಷವಾಗಿತ್ತು. ಹೊಲದ ಕೆಲಸಕ್ಕೂ ಗುಡಾರದ ಸೇವೆಗೂ ಒಂದೇ ಮಾತು! ಆದಾಮ ಎನ್ನುವ ಹೆಸರೇ ಅದಾಮಾ, ಅಂದರೆ ಮಣ್ಣು ಎನ್ನುವ ಶಬ್ದದ ನೆಂಟ.

ಪರಿಸರ ಹಾಳಾಗಲು ಕ್ರೈಸ್ತ ಧರ್ಮವೇ ಕಾರಣ ಎನ್ನುತ್ತಾರೆ. ನಿಜವೇ?

ಈ ಮಾತನ್ನು ಜೋರಾಗಿ ಹೇಳಿದವರು ಲಿನ್ ವೈಟ್ ಎಂಬ ಅಮೆರಿಕದ ಇತಿಹಾಸಕಾರರು. 1967ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅವರ ಲೇಖನ ಬಂತು. ಪಶ್ಚಿಮದ ಕ್ರೈಸ್ತರು ಸೃಷ್ಟಿಯನ್ನು ಮನುಷ್ಯನ ಉಪಯೋಗಕ್ಕೆ ಇರುವ ಸಾಮಾನು ಎಂದು ನೋಡಿದರು, ಅದರಿಂದ ಇವತ್ತಿನ ಬಿಕ್ಕಟ್ಟು ಬಂತು ಎಂಬುದು ಅವರ ವಾದ. ಅವರು ಚರ್ಚಿನ ಶತ್ರು ಅಲ್ಲ. ಅದೇ ಲೇಖನದ ಕೊನೆಗೆ ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಪರಿಸರದ ಕೆಲಸ ಮಾಡುವವರಿಗೆ ಪಾಲಕ ಸಂತರಾಗಿ ತೆಗೆದುಕೊಳ್ಳೋಣ ಎಂದರು. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹಾಗೇ ಘೋಷಿಸಿದರು.

ವಾದದಲ್ಲಿ ಹೆಚ್ಚುಕಮ್ಮಿ ಇದೆ. ಬೇರೆ ಧರ್ಮಗಳ ನಾಡಿನಲ್ಲೂ ಕಾಡು ಬೋಳಾಗಿದೆ. ಆದರೂ ಆರೋಪವನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ವಸಾಹತು ಕಾಲದಲ್ಲಿ ಬೇರೆಯವರ ನೆಲ ಕಿತ್ತುಕೊಂಡವರು ಕೈಯಲ್ಲಿ ಬೈಬಲ್ ಇಟ್ಟುಕೊಂಡಿದ್ದರು. ಆದಿಕಾಂಡ 1:28ರ ವಚನವನ್ನೇ ಕಾರಣವಾಗಿ ಕೊಟ್ಟವರೂ ಇದ್ದರು. ನಾವು ಅದನ್ನು ಒಪ್ಪಿಕೊಳ್ಳಬೇಕು.

ಇದು ಪ್ರಕೃತಿ ಪೂಜೆ ಆಗುವುದಿಲ್ಲವೇ?

ಆಗುವುದಿಲ್ಲ. 104ನೇ ಕೀರ್ತನೆ ಓದಿ. ಕೊಕ್ಕರೆಗೆ ಮರ, ಕಾಡುಮೇಕೆಗೆ ಬೆಟ್ಟ, ಸಿಂಹದ ಮರಿಗೆ ರಾತ್ರಿ, ಮನುಷ್ಯನಿಗೆ ಹಗಲಿನ ದುಡಿಮೆ. ಎಲ್ಲರಿಗೂ ಪಾಲು ಹಂಚಿದವನಿಗೆ ಅಲ್ಲಿ ಸ್ತೋತ್ರ. ಯೋಬನ ಪುಸ್ತಕದಲ್ಲಿ ದೇವರು ಮನುಷ್ಯರೇ ಇಲ್ಲದ ಅಡವಿಯಲ್ಲೂ ಮಳೆ ಸುರಿಸುತ್ತಾನೆ. ನಮಗೆ ಲಾಭವಿಲ್ಲದ ಕಡೆಯೂ ಆತನಿಗೆ ಕಾಳಜಿ ಇದೆ. ಅಪ್ಪ ಕಟ್ಟಿದ ಮನೆಯನ್ನು ಚೆನ್ನಾಗಿ ಇಟ್ಟುಕೊಂಡರೆ ಮನೆಯನ್ನು ಪೂಜಿಸಿದಂತೆ ಆಗುತ್ತದೆಯೇ?

ಹೇಗೂ ಈ ಲೋಕ ಬೆಂಕಿಯಿಂದ ಸುಟ್ಟುಹೋಗುತ್ತದೆ. ಉಳಿಸಿ ಏನು ಪ್ರಯೋಜನ?

2 ಪೇತ್ರ 3:10 ಈ ಪ್ರಶ್ನೆಯ ಮೂಲ. ಅಲ್ಲಿ ಒಂದು ವಿಷಯ ಗಮನಿಸಬೇಕು. ನಾಲ್ಕನೇ ಶತಮಾನದ ಸೀನಾಯಿ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ವಚನದ ಕೊನೆಗೆ 'ಸುಟ್ಟುಹೋಗುವುದು' ಎಂಬ ಮಾತಿಲ್ಲ. ಭೂಮಿಯೂ ಅದರಲ್ಲಿ ನಡೆದ ಕೆಲಸಗಳೂ 'ಕಂಡುಬರುವವು' ಎಂಬ ಅರ್ಥದ ಶಬ್ದ ಇದೆ. ಅಂದರೆ ಎಲ್ಲವೂ ಬಯಲಿಗೆ ಬರುತ್ತದೆ, ಲೆಕ್ಕಕ್ಕೆ ಸಿಗುತ್ತದೆ. ಅಕ್ಕಸಾಲಿಗರು ಚಿನ್ನವನ್ನು ಬೆಂಕಿಗೆ ಹಾಕುವುದು ಚಿನ್ನ ಹಾಳಾಗಲಿ ಎಂದಲ್ಲ.

ಅದೇ ಅಧ್ಯಾಯದಲ್ಲಿ ಮುಂಚಿನ ಲೋಕ ನೀರಿನಿಂದ ನಾಶವಾಯಿತು ಎಂದೂ ಇದೆ. ಆದರೆ ನೋಹ ನಾವೆಯಿಂದ ಇಳಿದದ್ದು ಇದೇ ಭೂಮಿಗೆ. ಪ್ರಕಟಣೆ 21ರಲ್ಲಿ ನಾವು ಮೇಲೆ ಹಾರಿಹೋಗುವುದಿಲ್ಲ. ಪರಿಶುದ್ಧ ಪಟ್ಟಣವೇ ಕೆಳಗೆ ಇಳಿದು ಬರುತ್ತದೆ. ಪ್ರಕಟಣೆ 11:18ರಲ್ಲಿ ಇನ್ನೂ ಕಟುವಾದ ಮಾತಿದೆ. ಭೂಮಿಯನ್ನು ನಾಶಮಾಡುವವರನ್ನು ದೇವರು ನಾಶಮಾಡುವ ಕಾಲ ಬಂತು ಎಂದು.

ಬರ, ನೆರೆ ಎಲ್ಲ ಕೊನೆಯ ದಿನಗಳ ಸೂಚನೆ ಎಂದು ಕೆಲವರು ಸುಮ್ನೆ ಕುಳಿತುಬಿಡುತ್ತಾರೆ. ಆ ದಿನ, ಆ ಗಳಿಗೆ ಯಾರಿಗೂ ಗೊತ್ತಿಲ್ಲ ಎಂದು ಮತ್ತಾಯ 24ರಲ್ಲೇ ಇದೆ. ಅದೇ ಅಧ್ಯಾಯದ ಕೊನೆಗೆ ಯೇಸು ಸ್ವಾಮಿ ಮೆಚ್ಚಿದ್ದು ಯಜಮಾನ ಬರುವ ತನಕ ಮನೆಯವರಿಗೆ ಹೊತ್ತುಹೊತ್ತಿಗೆ ಊಟ ಕೊಡುತ್ತಿದ್ದ ಆಳನ್ನು.

ಮತ್ತೆ ಜಲಪ್ರಳಯ ತರುವುದಿಲ್ಲ ಎಂದು ದೇವರು ನೋಹನಿಗೆ ಮಾತು ಕೊಟ್ಟಿದ್ದಾನೆ. ಸಮುದ್ರ ಏರುತ್ತದೆ ಎಂದು ಹೆದರಬೇಕೇ?

ಈ ಪ್ರಶ್ನೆಯನ್ನು ನಮಗಿಂತ ಬಹಳ ಮೊದಲು, ನಮಗಿಂತ ಬಹಳ ನೋವಿನಿಂದ ಕೇಳಿದವರು ಇದ್ದಾರೆ. ಅವರ ಕಥೆಯನ್ನೇ ಸ್ವಲ್ಪ ಹೇಳುತ್ತೇನೆ.

ತುವಾಲು ಎಂಬ ದೇಶ ಪೆಸಿಫಿಕ್ ಸಾಗರದಲ್ಲಿದೆ. ಒಂಬತ್ತು ಪುಟ್ಟ ದ್ವೀಪಗಳು, ಸುಮಾರು 11,000 ಜನ. ನಮ್ಮಲ್ಲಿ ಎರಡು ಮೂರು ದೊಡ್ಡ ಹಳ್ಳಿ ಸೇರಿದರೆ ಅಷ್ಟು ಜನ ಆಗುತ್ತಾರೆ. ನೆಲ ಬಹುತೇಕ ಕಡೆ ಸಮುದ್ರಕ್ಕಿಂತ ಎರಡು ಮೂರು ಮೀಟರ್ ಎತ್ತರ ಅಷ್ಟೇ. ಅಲ್ಲಿನ ಹೆಚ್ಚಿನವರು ಕ್ರೈಸ್ತರು. 1861ರಲ್ಲಿ ಎಲೆಕಾನಾ ಎಂಬ ಸಭಾ ಸೇವಕರ ದೋಣಿ ದಾರಿ ತಪ್ಪಿ, ವಾರಗಟ್ಟಲೆ ತೇಲಿ, ನುಕುಲಾಯೆಲಾಯೆ ದ್ವೀಪಕ್ಕೆ ಬಂತು. ಸುವಾರ್ತೆ ಅಲ್ಲಿಗೆ ತಲುಪಿದ್ದು ಹೀಗೆ. ಸಮುದ್ರವೇ ತಂದುಕೊಟ್ಟ ನಂಬಿಕೆ ಅದು.

ಈಗ ಅದೇ ಸಮುದ್ರ ದೊಡ್ಡ ಉಬ್ಬರದ ದಿನ ಅಂಗಳಕ್ಕೆ ಬರುತ್ತದೆ. ಪುಲಾಕಾ ಎಂಬ ಕೆಸುವಿನ ಜಾತಿಯ ಗೆಡ್ಡೆ ಅವರ ಹಳೆಯ ಆಹಾರ. ಅದನ್ನು ನೆಲ ತೋಡಿ, ಸಿಹಿನೀರು ಸಿಗುವ ಗುಂಡಿಗಳಲ್ಲಿ ಬೆಳೆಯುತ್ತಾರೆ. ಆ ಗುಂಡಿಗಳಿಗೆ ಉಪ್ಪುನೀರು ಸೇರುತ್ತಿದೆ. ಇಷ್ಟಾದರೂ ಅನೇಕರು ಹೇಳುತ್ತಿದ್ದದ್ದು ಒಂದೇ ಮಾತು: ನೋಹನಿಗೆ ಕೊಟ್ಟ ಮಾತಿನ ಗುರುತಾಗಿ ಮಳೆಬಿಲ್ಲು ಇದೆಯಲ್ಲ, ದೇವರು ಮುಳುಗಿಸುವುದಿಲ್ಲ.

ಇಂಥವರನ್ನು ನೋಡಿ ನಗಬಾರದು. ಮನೆ ಮಠ, ಪೂರ್ವಿಕರ ಸಮಾಧಿ ಎಲ್ಲ ನೀರಿನ ಪಾಲಾಗುವಾಗ ದೇವರ ಮಾತು ಹಿಡಿದುಕೊಂಡು ನಿಂತವರು ಅವರು. ಆದರೆ ಪೆಸಿಫಿಕ್ ದ್ವೀಪಗಳ ಸಭಾಪಾಲಕರೇ, ವೇದಶಾಸ್ತ್ರ ಓದಿದವರೇ ಮುಂದೆ ಬಂದು ವಿವರಿಸಿದರು. ನೋಹನ ಕಾಲದ ನೀರು ದೇವರು ಕಳಿಸಿದ್ದು. ಈ ನೀರು ಹಾಗಲ್ಲ. ಇದು ದೂರದ ಶ್ರೀಮಂತ ದೇಶಗಳ ಚಿಮಣಿಗಳಿಂದ ಬಂದದ್ದು. ದೇವರು ಮಾತು ತಪ್ಪಿಲ್ಲ, ಮನುಷ್ಯರು ತಪ್ಪಿದ್ದಾರೆ. 2004ರಲ್ಲೇ ಆ ಭಾಗದ ಸಭೆಗಳು ಕಿರಿಬಾತಿ ದ್ವೀಪದಲ್ಲಿ ಸೇರಿ ಹವಾಮಾನದ ಬಗ್ಗೆ ಒಂದು ಘೋಷಣೆ ಹೊರಡಿಸಿದ್ದವು.

ತುವಾಲುವಿನ ವೇದಶಾಸ್ತ್ರಜ್ಞ ಮೈನಾ ತಾಲಿಯಾ ಇದನ್ನು ಇನ್ನೊಂದು ಕಡೆಯಿಂದ ನೋಡಿದರು. ಅವರ ಭಾಷೆಯಲ್ಲಿ ನೆರೆಯವನಿಗೆ ತುವಾಕೊಯಿ ಎನ್ನುತ್ತಾರೆ. 'ನನ್ನ ನೆರೆಯವನು ಯಾರು?' ಎಂದು ಧರ್ಮೋಪದೇಶಕ ಯೇಸು ಸ್ವಾಮಿಯನ್ನು ಕೇಳಿದ, ಆಗ ಬಂದದ್ದು ಒಳ್ಳೆಯ ಸಮಾರ್ಯದವನ ಕಥೆ. ತಾಲಿಯಾ ಲೋಕವನ್ನು ತಿರುಗಿಸಿ ಕೇಳುತ್ತಾರೆ: ನಾವು ನಿಮ್ಮ ತುವಾಕೊಯಿ ಅಲ್ಲವೇ? 2024ರಲ್ಲಿ ಅವರು ತಮ್ಮ ದೇಶದ ಹವಾಮಾನ ಖಾತೆಯ ಮಂತ್ರಿಯೂ ಆದರು. 2023ರಲ್ಲಿ ಆಸ್ಟ್ರೇಲಿಯಾ ಮತ್ತು ತುವಾಲು ಮಾಡಿಕೊಂಡ ಒಪ್ಪಂದದ ಪ್ರಕಾರ ವರ್ಷಕ್ಕೆ ತುವಾಲುವಿನ 280 ಜನ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಬಹುದು. 2025ರಲ್ಲಿ ಮೊದಲ ಸಲ ಅರ್ಜಿ ಕರೆದಾಗ ಸಾವಿರಾರು ಜನ ಹೆಸರು ಕೊಟ್ಟರು. ಹೋಗುವವರಲ್ಲಿ ಯಾರಿಗೂ ಖುಷಿಯಿಂದ ಹೋಗುವ ಮನಸ್ಸಿರುವುದಿಲ್ಲ ಅಲ್ವಾ.

'ಹವಾಮಾನ ನ್ಯಾಯ' ಅಂದರೆ ಏನು? ಸೃಷ್ಟಿಯ ಕಾಳಜಿ ಅಂದರೆ ಸಾಲದೇ?

ನನ್ನ ಪ್ರಕಾರ ಸಾಲದು. ಈ ಪುಟ ಬರೆಯಲು ಮುಖ್ಯ ಕಾರಣವೇ ಇದು.

ಪರಿಸರ ದಿನವಾದ ಜೂನ್ 5ಕ್ಕೆ ಗಿಡ ನೆಡುತ್ತೇವೆ, ಫೋಟೋ ತೆಗೆಯುತ್ತೇವೆ. ಒಳ್ಳೆಯದೇ. ಆದರೆ ಯಾರು ಹೊಗೆ ಬಿಟ್ಟರು, ಯಾರು ನರಳುತ್ತಿದ್ದಾರೆ ಎಂದು ಕೇಳದಿದ್ದರೆ ಆ ಸಮಾರ್ಯದವನ ಕಥೆಯಲ್ಲಿ ಗಾಯಗೊಂಡವನನ್ನು ನೋಡಿ ಪಕ್ಕದಿಂದ ಹೋದ ಯಾಜಕನ ಹಾಗೆ ಆಗುತ್ತೇವೆ.

ಕೈಗಾರಿಕೆಗಳು ಬರುವ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು. ಈಗ 420 ದಾಟಿದೆ. 2024ರಲ್ಲಿ ಭೂಮಿಯ ಸರಾಸರಿ ತಾಪ ಆ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಜಾಸ್ತಿ ಇತ್ತು. ಇಷ್ಟು ವರ್ಷ ಸೇರಿದ ಹೊಗೆಯಲ್ಲಿ ಸುಮಾರು ಕಾಲು ಭಾಗ ಅಮೆರಿಕ ಒಂದೇ ದೇಶದ್ದು. ಲೋಕದ ಶ್ರೀಮಂತ ಹತ್ತನೇ ಒಂದು ಭಾಗದ ಜನ ಒಟ್ಟು ಹೊಗೆಯ ಸುಮಾರು ಅರ್ಧಕ್ಕೆ ಕಾರಣರು. ತುವಾಲುವಿನ ಪಾಲು ಲೆಕ್ಕಕ್ಕೇ ಸಿಗುವುದಿಲ್ಲ.

ನಮ್ಮ ಕಡೆಯೂ ಹಾಗೇ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದವು. 2019ರಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆ ಉಕ್ಕಿ ಬೆಳಗಾವಿ, ಬಾಗಲಕೋಟೆಯ ಹಳ್ಳಿಗಳು ಮುಳುಗಿದವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಇವುಗಳಲ್ಲಿ ಒಂದೊಂದಕ್ಕೂ ಹವಾಮಾನ ಒಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಗುಡ್ಡ ಕಡಿದದ್ದು, ಹೊಳೆಯ ದಂಡೆಯಲ್ಲಿ ಕಟ್ಟಿದ್ದು, ಅಣೆಕಟ್ಟೆಯ ನೀರು ಬಿಟ್ಟದ್ದು ಎಲ್ಲ ಸೇರಿದೆ. ಆದರೆ ಮಳೆ ಬಂದರೆ ಒಂದೇ ಸಲ ಸುರಿಯುವುದು, ಬಾರದಿದ್ದರೆ ತಿಂಗಳುಗಟ್ಟಲೆ ಬಾರದಿರುವುದು, ಇದು ಬಿಸಿಯಾದ ಗಾಳಿಯ ಗುಣ. ಬಿಸಿ ಗಾಳಿ ನೀರಿನ ಆವಿಯನ್ನು ಜಾಸ್ತಿ ಹಿಡಿದಿಟ್ಟುಕೊಳ್ಳುತ್ತದೆ.

ಯಾರಿಗೆ ಪೆಟ್ಟು? ಏಪ್ರಿಲ್ ಮಧ್ಯಾಹ್ನ ರಸ್ತೆಗೆ ಡಾಂಬರು ಹಾಕುವವರಿಗೆ. ಕಟ್ಟಡದ ಕೂಲಿಯವರಿಗೆ. ಕಡಲ್ಕೊರೆತದಲ್ಲಿ ಮನೆ ಕಳೆದುಕೊಳ್ಳುವ ಮೀನುಗಾರರಿಗೆ. ಬೋರ್‌ವೆಲ್ ಬತ್ತಿದಾಗ ಎರಡು ಕೊಡ ಹೊತ್ತು ಇನ್ನೂ ದೂರ ನಡೆಯುವ ಹೆಂಗಸರಿಗೆ. ಭಾರತದ ಕ್ರೈಸ್ತರಲ್ಲಿ ದಲಿತ, ಆದಿವಾಸಿ ಹಿನ್ನೆಲೆಯವರೇ ಬಹಳ. ಹಾಗಾಗಿ ನಾವು ಮಾತಾಡುತ್ತಿರುವುದು ಬೇರೆ ಯಾರದೋ ಕಷ್ಟದ ಬಗ್ಗೆ ಅಲ್ಲ. ನಮ್ಮ ಪಕ್ಕದ ಬೆಂಚಿನಲ್ಲಿ ಕುಳಿತವರ ಬಗ್ಗೆ.

ಭಾರತ ಬಡ ದೇಶ. ತಪ್ಪು ಮಾಡಿದವರು ಸರಿಮಾಡಲಿ, ನಾವೇಕೆ?

ಅರ್ಧ ನಿಜ. ಅಮೆರಿಕದಲ್ಲಿ ಒಬ್ಬರಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಲೆಕ್ಕ ಬಂದರೆ ಭಾರತದಲ್ಲಿ ಸುಮಾರು 2 ಟನ್. 1992ರ ಹವಾಮಾನ ಒಪ್ಪಂದದಲ್ಲೇ ಹೊಣೆ ಎಲ್ಲರದು, ಆದರೆ ಎಲ್ಲರದು ಒಂದೇ ಅಳತೆಯದಲ್ಲ ಎಂದು ಬರೆದಿದ್ದಾರೆ. ಶ್ರೀಮಂತ ದೇಶಗಳು ದುಡ್ಡು ಕೊಡಬೇಕು ಎಂದು ಕೇಳುವುದು ಭಿಕ್ಷೆ ಬೇಡಿದಂತೆ ಅಲ್ಲ. ಸುಂಕ ವಸೂಲಿಯ ಜಕ್ಕಾಯ ಯೇಸು ಸ್ವಾಮಿಯ ಮುಂದೆ, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಎಂದನಲ್ಲ, ಅಂಥ ಮಾತು ಅದು. 2022ರಲ್ಲಿ ಈಜಿಪ್ಟಿನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನದಲ್ಲಿ ನಷ್ಟ ಪರಿಹಾರದ ನಿಧಿಗೆ ಒಪ್ಪಿಗೆ ಸಿಕ್ಕಿತು. ಬೇಕಾದ ದುಡ್ಡಿನ ಮುಂದೆ ಅದಕ್ಕೆ ಬಂದದ್ದು ತೀರಾ ಕಡಿಮೆ.

ಉಳಿದ ಅರ್ಧ ನಮ್ಮ ಮನೆಯ ಒಳಗಿದೆ. ಆ 2 ಟನ್ ಸರಾಸರಿ ಅಷ್ಟೇ. ರಾಯಚೂರಿನ ಕೂಲಿಯವರ ಹೊಗೆಯೂ ಬೆಂಗಳೂರಿನಲ್ಲಿ ಎರಡು ಕಾರು, ನಾಲ್ಕು ಏಸಿ ಇಟ್ಟುಕೊಂಡವರ ಹೊಗೆಯೂ ಒಂದೇ ಅಲ್ಲ. ಬಡವರ ಸರಾಸರಿಯ ಹಿಂದೆ ಅಡಗಿಕೊಳ್ಳುವುದು ಕ್ರೈಸ್ತರಿಗೆ ಒಪ್ಪುವ ಕೆಲಸವಲ್ಲ.

ಇದೆಲ್ಲ ರಾಜಕೀಯ. ಪ್ರಸಂಗ ಪೀಠದಲ್ಲಿ ಬೇಕೇ?

ನಾಬೋತನ ದ್ರಾಕ್ಷಿ ತೋಟದ ಕಥೆ ರಾಜಕೀಯವೇ? ಅಹಾಬ ಅರಸನಿಗೆ ಅರಮನೆಯ ಪಕ್ಕದಲ್ಲಿ ತರಕಾರಿ ತೋಟಕ್ಕೆ ಜಾಗ ಬೇಕಿತ್ತು. ಪಿತ್ರಾರ್ಜಿತ ಭೂಮಿ ಕೊಡುವುದಿಲ್ಲ ಎಂದ ನಾಬೋತ. ಸುಳ್ಳು ಸಾಕ್ಷಿ ಹುಟ್ಟಿಸಿ ಕಲ್ಲೆಸೆದು ಕೊಂದರು. ದೇವರು ಪ್ರವಾದಿ ಎಲೀಯನನ್ನು ಕಳಿಸಿದ. ಎಲೀಯ ಪಕ್ಷದ ಮಾತಾಡಲಿಲ್ಲ, ಅರಸನ ಮುಂದೆ ಸತ್ಯದ ಮಾತಾಡಿದ. ಮನೆಗೆ ಮನೆ, ಹೊಲಕ್ಕೆ ಹೊಲ ಸೇರಿಸಿಕೊಳ್ಳುವವರಿಗೆ ಅಯ್ಯೋ ಎಂದು ಯೆಶಾಯ 5ರಲ್ಲಿದೆ.

ಕಥೋಲಿಕ ಸನ್ಯಾಸಿನಿ ಸಿಸ್ಟರ್ ಡೊರೊಥಿ ಸ್ಟ್ಯಾಂಗ್ ಬ್ರೆಜಿಲ್‌ನ ಪಾರಾ ರಾಜ್ಯದಲ್ಲಿ ಸಣ್ಣ ರೈತರ ಪರ, ಅಮೆಜಾನ್ ಕಾಡಿನ ಪರ ನಿಂತಿದ್ದರು. 2005ರ ಫೆಬ್ರವರಿ 12ರಂದು ಅನಾಪು ಎಂಬಲ್ಲಿ ಮಣ್ಣಿನ ದಾರಿಯಲ್ಲಿ ಅವರನ್ನು ಗುಂಡು ಹಾರಿಸಿ ಕೊಂದರು. ಅವರಿಗೆ 73 ವರ್ಷ. ಕೈಯಲ್ಲಿ ಇದ್ದದ್ದು ಬೈಬಲ್. ಕೊಲ್ಲಿಸಿದವರು ಅದೇ ನೆಲದ ಮೇಲೆ ಕಣ್ಣಿಟ್ಟವರು. ನಾಬೋತನ ಕಥೆ ಮುಗಿದಿಲ್ಲ ಎಂದು ನನಗೆ ಅನ್ನಿಸುವುದು ಇಂಥ ಕಡೆ.

ಜೂಬಿಲಿ ಸಂವತ್ಸರಕ್ಕೂ ಇದಕ್ಕೂ ಏನು ಸಂಬಂಧ?

ಯಾಜಕಕಾಂಡ 25. ಏಳನೇ ವರ್ಷ ಹೊಲಕ್ಕೆ ವಿಶ್ರಾಂತಿ. ಐವತ್ತನೇ ವರ್ಷ, ಅಂದರೆ ಜೂಬಿಲಿ ಸಂವತ್ಸರದಲ್ಲಿ, ಸಾಲಕ್ಕೆ ಹೋದ ಭೂಮಿ ಮೊದಲಿನ ಕುಟುಂಬಕ್ಕೆ ವಾಪಸ್. ಕಾರಣ ಒಂದೇ: ಭೂಮಿ ನನ್ನದು, ನೀವು ನನ್ನ ಹತ್ತಿರ ಇಳಿದುಕೊಂಡ ಪರದೇಶಿಗಳು ಎನ್ನುತ್ತಾನೆ ದೇವರು. ಮಣ್ಣಿನ ವಿಶ್ರಾಂತಿ, ಬಡವರ ಬಿಡುಗಡೆ ಎರಡನ್ನೂ ಒಂದೇ ಅಧ್ಯಾಯದಲ್ಲಿ ಕಟ್ಟಿದ್ದಾರೆ. ಜನ ಕೇಳಲಿಲ್ಲ. ಅವರು ಬಾಬೆಲಿಗೆ ಸೆರೆಹೋದ ಎಪ್ಪತ್ತು ವರ್ಷದಲ್ಲಿ ಭೂಮಿ ತನಗೆ ಸಿಗಬೇಕಿದ್ದ ಸಬ್ಬತ್ತುಗಳನ್ನು, ಅಂದರೆ ವಿಶ್ರಾಂತಿಯನ್ನು, ಅನುಭವಿಸಿತು ಎಂದು ಎರಡನೇ ಪೂರ್ವಕಾಲವೃತ್ತಾಂತದ ಕೊನೆಯಲ್ಲಿದೆ.

ಪ್ರಾರ್ಥನೆ ಮಾಡಿದರೆ ಸಾಲದೇ?

ಮಾಡಬೇಕು. ಬರ ಬಂದಾಗ ಮಳೆಗಾಗಿ ಮೊಣಕಾಲೂರಿದ ಸಭೆಯಲ್ಲಿ ನಾನೂ ಇದ್ದೆ. ಯೆರೂಸಲೇಮಿನ ಗೋಡೆ ಕಟ್ಟುತ್ತಿದ್ದ ನೆಹೆಮೀಯನ ಜನ ಶತ್ರುಗಳ ಸುದ್ದಿ ಕೇಳಿ ದೇವರಿಗೆ ಪ್ರಾರ್ಥಿಸಿದರು, ಹಗಲು ರಾತ್ರಿ ಕಾವಲನ್ನೂ ಇಟ್ಟರು. ಯೋಸೇಫ ಬರ ಬರುತ್ತದೆ ಎಂದು ತಿಳಿದ ಮೇಲೆ ಕಣಜ ಕಟ್ಟಿಸಿದ. ಮಳೆ ಕೇಳುವ ಸಭೆಯ ಚಾವಣಿ ನೀರು ನೇರ ಚರಂಡಿಗೆ ಹೋಗುತ್ತಿದ್ದರೆ ಆ ಪ್ರಾರ್ಥನೆಗೆ ಕೈ ಸೇರಿಲ್ಲ ಎಂದು ಅರ್ಥ.

ಲೋಕದ ಸಭೆಗಳು ಇದುವರೆಗೆ ಏನು ಮಾಡಿವೆ?

ಬೇಗ ಹೇಳಿಬಿಡುತ್ತೇನೆ. ಆರ್ಥೊಡಾಕ್ಸ್ ಸಭೆಯ ಮುಖ್ಯ ಧರ್ಮಾಧ್ಯಕ್ಷ ದಿಮಿತ್ರಿಯೋಸ್ 1989ರಲ್ಲಿ ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನ ಎಂದರು. ಅವರ ನಂತರದ ಬಾರ್ತೊಲೊಮಿಯೋಸ್ 1997ರಲ್ಲಿ ಸೃಷ್ಟಿಯನ್ನು ಹಾಳುಮಾಡುವುದು ಪಾಪ ಎಂದು ನೇರವಾಗಿ ಹೇಳಿದರು. ಅಲ್ಲಿಯ ತನಕ ಅದನ್ನು 'ಸಮಸ್ಯೆ' ಎನ್ನುತ್ತಿದ್ದರು. ಪಾಪ ಎಂದರೆ ಅರಿಕೆ ಮಾಡಬೇಕು, ತಿರುಗಿಕೊಳ್ಳಬೇಕು. ಪೋಪ್ ಫ್ರಾನ್ಸಿಸ್ 2015ರಲ್ಲಿ 'ಲೌದಾತೋ ಸೀ' ಎಂಬ ಪತ್ರ ಬರೆದರು. ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಿಸಿಕೊಳ್ಳಬೇಕು ಎಂಬುದು ಅದರ ತಿರುಳು. ಅದೇ ವರ್ಷ ಡಿಸೆಂಬರಿನಲ್ಲಿ ದೇಶಗಳ ನಡುವೆ ಹವಾಮಾನದ ಪ್ಯಾರಿಸ್ ಒಪ್ಪಂದ ಆಯಿತು. 2023ರ ಅಕ್ಟೋಬರ್ 4ರಂದು ಅವರು ಇನ್ನೊಂದು ಪತ್ರ ಬರೆದು, ಮಾಡಿದ್ದು ಸಾಲದು ಎಂದರು.

ಸಭೆಗಳ ಲೋಕ ಪರಿಷತ್ತು 2014ರಲ್ಲಿ ಕಲ್ಲಿದ್ದಲು, ತೈಲ ಕಂಪನಿಗಳಲ್ಲಿ ದುಡ್ಡು ತೊಡಗಿಸುವುದಿಲ್ಲ ಎಂದು ತೀರ್ಮಾನಿಸಿತು. ಇಂಗ್ಲೆಂಡಿನ ಸಭೆ ಅದೇ ದಾರಿಗೆ ಬಂದದ್ದು 2023ರಲ್ಲಿ. ನಮ್ಮ ದಕ್ಷಿಣ ಭಾರತ ಸಭೆಯಲ್ಲಿ ಪರಿಸರಕ್ಕೆ ಒಂದು ವಿಭಾಗವೇ ಇದೆ, ಸಭೆಯ ಶಾಲೆಗಳಲ್ಲಿ ಹಸಿರು ಶಾಲೆ ಕಾರ್ಯಕ್ರಮ ನಡೆಸುತ್ತದೆ.

ಮಾತು, ಪತ್ರ ಸರಿ. ಸಭೆಯೊಂದು ನಿಜವಾಗಿ ಕಾಡು ಉಳಿಸಿದ್ದು ಇದೆಯೇ?

ಇದೆ. ಉತ್ತರ ಇಥಿಯೋಪಿಯಾದ ದಕ್ಷಿಣ ಗೊಂದರ್ ಸೀಮೆಯನ್ನು ಮೇಲಿನಿಂದ ತೆಗೆದ ಫೋಟೋದಲ್ಲಿ ನೋಡಬೇಕು. ಕಣ್ಣು ಹಾಯಿಸಿದಷ್ಟು ಕಂದು ಹೊಲ. ನಡುನಡುವೆ ಬೊಟ್ಟು ಇಟ್ಟ ಹಾಗೆ ದುಂಡಗಿನ ಹಸಿರು. ಪ್ರತಿ ಹಸಿರು ಬೊಟ್ಟಿನ ನಡುವೆ ಒಂದು ಚರ್ಚ್.

ಅಲ್ಲಿನ ಆರ್ಥೊಡಾಕ್ಸ್ ತೆವಾಹೆದೊ ಸಭೆಯವರಿಗೆ ಮರಗಳು ದೇವಾಲಯದ ಬಟ್ಟೆ. ಮರವಿಲ್ಲದ ಚರ್ಚ್ ಅಂದರೆ ಬಟ್ಟೆ ಇಲ್ಲದ ಮನುಷ್ಯನ ಹಾಗೆ. ನೂರಾರು ವರ್ಷಗಳಿಂದ ಆ ಕಾಡನ್ನು ಕಡಿದಿಲ್ಲ. ಸುತ್ತಲಿನ ಕಾಡೆಲ್ಲ ಹೊಲವಾಯಿತು, ಮೇವಿನ ಬಯಲಾಯಿತು. ಚರ್ಚಿನ ಸುತ್ತ ಇದ್ದದ್ದು ಉಳಿಯಿತು. ಆ ನಾಡಿನ ಎಷ್ಟೋ ಮರಗಳಿಗೆ ಈಗ ಅದೇ ಕೊನೆಯ ಆಸರೆ. ಬೆಳೆಗೆ ಪರಾಗ ತರುವ ಹುಳುಗಳಿಗೂ ಅದೇ ಮನೆ.

ಅಲೆಮಾಯೆಹು ವಾಸಿ ಎಂಬ ಅಲ್ಲಿನ ಪರಿಸರ ವಿಜ್ಞಾನಿ ಈ ಕಾಡುಗಳನ್ನು ಅಧ್ಯಯನ ಮಾಡಿದರು. ದನಗಳು ನುಗ್ಗಿ ಸಸಿ ತಿನ್ನುತ್ತಿದ್ದದ್ದರಿಂದ ಕಾಡು ವರ್ಷವರ್ಷಕ್ಕೆ ಸಣ್ಣದಾಗುತ್ತಿತ್ತು. ಅವರು, ಅಮೆರಿಕದ ವಿಜ್ಞಾನಿ ಮಾರ್ಗರೆಟ್ ಲೋಮನ್ ಮತ್ತು ಅಲ್ಲಿನ ಯಾಜಕರು ಸೇರಿ ಕೂತು ಮಾತಾಡಿದರು. ದಾರಿ ಸರಳವಾಗಿತ್ತು: ಕಲ್ಲಿನ ಗೋಡೆ. ಕಲ್ಲು ಎಲ್ಲಿಂದ? ರೈತರ ಹೊಲದಿಂದ. ಕಲ್ಲು ಆಯ್ದ ಹೊಲ ಉಳಲು ಸುಲಭವಾಯಿತು, ಗೋಡೆಯ ಒಳಗೆ ಸಸಿ ಎದ್ದಿತು.

ನಮಗೆ ಇದು ಹೊಸದಲ್ಲ ಅಲ್ವಾ? ಕೊಡಗಿನಲ್ಲಿ 1,200ಕ್ಕೂ ಜಾಸ್ತಿ ದೇವರಕಾಡುಗಳಿವೆ. ನೆರೆಯವರ ನಂಬಿಕೆ ಉಳಿಸಿದ ಕಾಡಿನ ಮುಂದೆ ನಾವು ವಿನಯದಿಂದ ನಿಲ್ಲಬೇಕು. ನಮ್ಮ ಹಳೆಯ ಮಿಷನ್ ಕಾಂಪೌಂಡುಗಳಲ್ಲೂ ದೊಡ್ಡ ದೊಡ್ಡ ಮರಗಳಿದ್ದವು. ನನಗೆ ಗೊತ್ತಿರುವ ಒಂದು ಕಾಂಪೌಂಡಿನಲ್ಲಿ ಅಂಗಡಿ ಮಳಿಗೆ ಕಟ್ಟಲು ಮಳೆಮರಗಳನ್ನು ಒಂದೇ ವಾರದಲ್ಲಿ ಉರುಳಿಸಿದರು. ಬಾಡಿಗೆ ಬರುತ್ತಿದೆ. ಆ ನೆರಳಿನಲ್ಲಿ ನಾವು ಸತ್ಯವೇದ ಕಲಿತಿದ್ದೆವು.

ಸೃಷ್ಟಿಯ ಋತು ಎಂದರೇನು? ವಿದೇಶಿ ಆಚರಣೆ ತಾನೇ?

ಸೆಪ್ಟೆಂಬರ್ 1ರಿಂದ ಸಂತ ಫ್ರಾನ್ಸಿಸರ ಹಬ್ಬದ ದಿನವಾದ ಅಕ್ಟೋಬರ್ 4ರ ತನಕ ಅನೇಕ ಸಭೆಗಳು ಒಟ್ಟಿಗೆ ಆಚರಿಸುವ ಕಾಲ. ಅದರ ನಡುವೆಯೇ, ಸೆಪ್ಟೆಂಬರ್ 8ಕ್ಕೆ, ಕರಾವಳಿಯ ಕಥೋಲಿಕರ ಮೊಂತಿ ಫೆಸ್ಟ್ ಬರುತ್ತದೆ. ಮಕ್ಕಳು ಒಂಬತ್ತು ದಿನ ಹೂ ತಂದು ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹೊಸ ಭತ್ತದ ತೆನೆಗೆ ಆಶೀರ್ವಾದ ಆಗುತ್ತದೆ. ತೆನೆ ಮನೆಗೆ ಬರುತ್ತದೆ. ಹೊಸ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಸೇರಿಸಿ ಮನೆಯವರೆಲ್ಲ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಸೃಷ್ಟಿಯ ವೇದಶಾಸ್ತ್ರ ಎಂದರೆ ಇದೇ. ಗದ್ದೆಗಳು ಸೈಟುಗಳಾದ ಮೇಲೆ ತೆನೆಯನ್ನು ಬೇರೆ ಊರಿನಿಂದ ತರಿಸಬೇಕಾದ ಕಡೆ, ಆ ವಿಷಯವನ್ನೂ ಹಬ್ಬದ ದಿನ ಮಾತಾಡಬೇಕು.

ನಮ್ಮದು ಸಣ್ಣ ಸಭೆ. ಏನು ಮಾಡಬಹುದು?

ಮೊದಲು ನಿಮ್ಮ ಸಭೆಯಲ್ಲಿ ಬಿಸಿಲು, ನೆರೆ, ಬರದಿಂದ ಯಾರಿಗೆ ಕಷ್ಟವಾಗಿದೆ ಎಂದು ಕೇಳಿ. ಒಂದು ಭಾನುವಾರ ಅವರೇ ಮಾತಾಡಲಿ. ಕೂಲಿ ಹೋದ ದಿನಗಳು, ನೀರಿನ ಟ್ಯಾಂಕರಿಗೆ ಕೊಟ್ಟ ದುಡ್ಡು, ಸೋರುವ ಶೀಟಿನ ಮನೆ. ನಾನು ಕಂಡ ಹಾಗೆ ಗಿಡ ನೆಡುವುದಕ್ಕಿಂತ ಮೊದಲು ಆಗಬೇಕಾದ ಕೆಲಸ ಇದು. ಏಪ್ರಿಲ್, ಮೇ ತಿಂಗಳಲ್ಲಿ ಚರ್ಚಿನ ಹಾಲನ್ನು ಮಧ್ಯಾಹ್ನ ತೆರೆದಿಟ್ಟು, ಹೊರಗೆ ದುಡಿಯುವ ಯಾರೇ ಬಂದರೂ, ಯಾವ ಧರ್ಮದವರಾದರೂ, ನೀರು ಫ್ಯಾನು ನೆರಳು ಸಿಗುವಂತೆ ಮಾಡಬಹುದು. ಖರ್ಚು ಬಹಳ ಇಲ್ಲ.

ಚಾವಣಿ ನೀರು ಬಾವಿಗೋ ಇಂಗುಗುಂಡಿಗೋ ಹೋಗಲಿ. ಸುಗ್ಗಿ ಹಬ್ಬದ ಊಟಕ್ಕೆ ಥರ್ಮೋಕೋಲ್ ತಟ್ಟೆ ಬಿಟ್ಟು ಬಾಳೆಎಲೆ, ಅಡಿಕೆ ಹಾಳೆ ತಟ್ಟೆ ತನ್ನಿ. ಕನ್ವೆನ್ಷನ್ನಿಗೆ ಫ್ಲೆಕ್ಸ್ ಬದಲು ಬಟ್ಟೆಯ ಬ್ಯಾನರ್. ಸಭೆಯ ಜಾಗದಲ್ಲಿ ಮರ ಕಡಿಯುವ ಮುಂಚೆ ಕಮಿಟಿ ಮಾತ್ರ ಅಲ್ಲ, ಇಡೀ ಸಭೆ ಸೇರಿ ತೀರ್ಮಾನಿಸಲಿ.

ಇದರ ಜೊತೆಗೆ ಊರಿನ ಕೆರೆ, ಕಲ್ಲುಕ್ವಾರಿ, ಕಸದ ಗುಡ್ಡೆಯ ಬಗ್ಗೆ ಗ್ರಾಮಸಭೆಯಲ್ಲಿ ಬೇರೆಯವರ ಜೊತೆ ಸೇರಿ ಮಾತಾಡಿ. 2019ರಲ್ಲಿ ವನುವಾಟುವಿನಲ್ಲಿ ಓದುತ್ತಿದ್ದ ಕೆಲವು ಕಾನೂನು ವಿದ್ಯಾರ್ಥಿಗಳು ಹವಾಮಾನದ ವಿಷಯವನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ಯಬೇಕೆಂದು ಹೊರಟರು. 2025ರ ಜುಲೈ 23ರಂದು ಆ ನ್ಯಾಯಾಲಯ ಹವಾಮಾನ ಕಾಪಾಡುವುದು ದೇಶಗಳ ಕಾನೂನಿನ ಹೊಣೆ ಎಂದು ಅಭಿಪ್ರಾಯ ಕೊಟ್ಟಿತು. ಅವರೂ ಸಣ್ಣ ಗುಂಪೇ.

ಸಂಡೇ ಸ್ಕೂಲ್ ಮಕ್ಕಳಿಗೆ ಎಲ್ಲಿಂದ ಶುರು ಮಾಡಲಿ? ಅವರು ಹೆದರಿಕೊಳ್ಳುತ್ತಾರೆ.

ಹೆದರಿಸುವ ಅಂಕಿಗಳಿಂದ ಶುರು ಮಾಡಬೇಡಿ. 104ನೇ ಕೀರ್ತನೆಯನ್ನು ಹೊರಗೆ ಮರದ ಕೆಳಗೆ ಓದಿಸಿ. ಆಮೇಲೆ ಕಾಂಪೌಂಡಿನಲ್ಲಿ ಕಾಣುವ ಹತ್ತು ಗಿಡ, ಹತ್ತು ಹಕ್ಕಿಗಳ ಹೆಸರು ಬರೆಯಲು ಹೇಳಿ. ಹೆಸರು ಗೊತ್ತಿಲ್ಲದಿದ್ದರೆ ಮನೆಯಲ್ಲಿ ಅಜ್ಜಿಯನ್ನು ಕೇಳಿಕೊಂಡು ಬರಲಿ. ಆದಾಮನಿಗೆ ದೇವರು ಕೊಟ್ಟ ಮೊದಲ ಕೆಲಸಗಳಲ್ಲಿ ಹೆಸರಿಡುವುದೂ ಒಂದು.

ಚರ್ಚಿಗೆ ಬಾವಿ ಇದ್ದರೆ ಇನ್ನೂ ಒಳ್ಳೆಯದು. ನಾವು ಹೀಗೆ ಮಾಡಿದೆವು. ಪ್ರತಿ ತಿಂಗಳ ಮೊದಲ ಭಾನುವಾರ ದೊಡ್ಡವರೊಬ್ಬರು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಡುತ್ತಾರೆ. ನೀರು ಎಷ್ಟು ಕೆಳಗಿದೆ ಎಂದು ಮಕ್ಕಳು ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಮಾರ್ಚ್, ಏಪ್ರಿಲ್‌ನಲ್ಲಿ ನೀರು ಇಳಿದು ಅಂಕಿ ಏರುವಾಗ ಅವರೇ ಕೇಳುತ್ತಾರೆ: ಪಕ್ಕದ ಬೀದಿಯವರಿಗೆ ನೀರು ಎಲ್ಲಿಂದ ಬರುತ್ತದೆ? ಆ ಪ್ರಶ್ನೆಯನ್ನು ಕೈಗೆ ತೆಗೆದುಕೊಂಡು ಮುಂದಿನ ವಾರ ಮಕ್ಕಳನ್ನು ಕರೆದುಕೊಂಡು ಆ ಬೀದಿಗೆ ಹೋಗಿ.